ಬೂಟು ಹಾಕಿದ ಅಕ್ಷರ

ಜನವರಿ ೧೮

ಪ್ರೀತಿಯ ಅತ್ತೆ,

ಮೊದಲು ಸಂತೋಷದ ಸುದ್ದಿ. ಮೂರನೆಯ ಗಾಡಿ ಬಂತು! ಹಳೆಯದೇ, ಆದರೆ ಎಂಜಿನ್ ಗಟ್ಟಿಯಾಗಿದೆ, ಇಡೀ ಮನೆಯ ಸಾಮಾನು ಒಂದೇ ಸಲಕ್ಕೆ ಹಿಡಿಯುತ್ತದೆ. ಹಿಂದಿನ ಮಾಲೀಕರು ಅದರಲ್ಲಿ ಐಸ್‌ಕ್ರೀಮ್ ಸಾಗಿಸುತ್ತಿದ್ದರಂತೆ. ಎಷ್ಟು ತೊಳೆದರೂ ವೆನಿಲಾ ವಾಸನೆ ಹೋಗಿಲ್ಲ. ನಿನ್ನೆ ಬೀರು ಏರಿಸುವಾಗ ನಮ್ಮ ಲೋಡಿಂಗ್‌ನವರೆಲ್ಲ ಬಾಯಿ ಚಪ್ಪರಿಸುತ್ತಿದ್ದರು.

ಗಾಡಿಗೆ ಬಿಳಿ ಬಣ್ಣ ಹೊಡೆಸಿದ್ದೇನೆ. ಎರಡೂ ಪಕ್ಕ ಖಾಲಿ. ಅಲ್ಲಿ ‘ಬುಗುರಿ ಸಾಗಣೆ’ ಎಂದು ಬರೆಸಬೇಕು. ಹಳೆಯ ಗಾಡಿಗಳ ಮೇಲಿನ ಅಕ್ಷರ ನಿಮಗೆ ಗೊತ್ತಲ್ಲ, ನೂಲಿನಷ್ಟು ತೆಳ್ಳಗೆ, ಬಳ್ಳಿ ಬಳ್ಳಿಯಾಗಿ. ಮೊನ್ನೆ ಸಿಗ್ನಲ್‌ನಲ್ಲಿ ಒಬ್ಬರು ಕಿಟಕಿ ತಟ್ಟಿ, “ಮದುವೆ ಹಾಲ್‌ಗೆ ಹೂವಿನ ಅಲಂಕಾರ ಮಾಡ್ತೀರಾ?” ಎಂದು ಕೇಳಿದರಂತೆ. ಎರಡನೆಯ ಗಾಡಿಯ ಡ್ರೈವರ್ ಇದ್ದಾನಲ್ಲ, ಎತ್ತರ ನೋಡಿ ಎಲ್ಲರೂ ಏಣಿ ಎಂದು ಕರೆಯುತ್ತಾರೆ ಎಂದು ಬರೆದಿದ್ದೆನಲ್ಲ, ಅವನು, “ಹೂವು ಆಗಲ್ಲ ಸಾರ್, ಹಾಲ್‌ನಲ್ಲಿರೋ ಕುರ್ಚಿ ಎಲ್ಲಾ ಬೇಕಾದ್ರೆ ಹೊತ್ಕೊಂಡು ಹೋಗ್ತೀನಿ” ಎಂದನಂತೆ.

ಅತ್ತೆ, ಅಕ್ಷರ ನೀವೇ ಬರೆದುಕೊಡಿ. ಜೀವಮಾನವೆಲ್ಲ ಅಚ್ಚಿನ ಅಕ್ಷರ ಬಿಡಿಸಿದ ನೀವಿರುವಾಗ ನಾನು ಬೇರೆಯವರ ಕೈಕಾಲು ಹಿಡಿಯುವುದೇಕೆ? ದೂರದಿಂದ ಕಾಣಬೇಕು, ಗಾಡಿ ನಿಂತಾಗಲೂ ಓಡುತ್ತಿರುವ ಹಾಗಿರಬೇಕು. ಹೆಸರು ಮಾತ್ರ ಅದೇ. ನಿಮ್ಮ ಮಗ ತೀರಿಹೋಗಿ ಮೂರು ವರ್ಷವಾದರೂ ಊರಿಗೆಲ್ಲ ನಾನು ಬುಗುರಿ ಮೇಡಂ. ನನಗೂ ಅದೇ ಇಷ್ಟ.

ಇನ್ನೊಂದು ವಿಷಯವಿದೆ. ಗಾಡಿಯದಲ್ಲ, ನನ್ನದು. ನೀವು ಬೇಡ ಎಂದರೆ ಅದು ನಡೆಯುವುದಿಲ್ಲ. ಧೈರ್ಯ ಬಂದಾಗ ಬರೆಯುತ್ತೇನೆ.

ನಿಮ್ಮ ಸೊಸೆ


ಜನವರಿ ೩೦

ಸೊಸೆಗೆ,

ಕ್ಷೇಮದ ಸಾಲು ಬರೆಯುವುದಿಲ್ಲ. ನಾನು ಕ್ಷೇಮವಾಗಿಲ್ಲದಿದ್ದರೆ ನಿನ್ನ ನಾದಿನಿ ಇಷ್ಟು ಹೊತ್ತಿಗೆ ಫೋನ್ ಮಾಡಿ ಊರು ಒಂದು ಮಾಡುತ್ತಿದ್ದಳು. ನೀನು ಕಾಗದ ಬರೆದದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ಅರ್ಧ ಮಾತು ನನಗೆ ಕೇಳಿಸುವುದಿಲ್ಲ, ಉಳಿದರ್ಧವನ್ನು ಅಳಿಯ ಕೇಳಿಸಿಕೊಳ್ಳುತ್ತಾನೆ.

ಹೂವಿನ ಅಲಂಕಾರವಂತೆ! ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಬೀರು ಹೊರುವ ಗಾಡಿಯ ಮೇಲೆ ಬಳ್ಳಿ ಬರೆದ ಆ ಮಹಾನುಭಾವನ ಕೈಗೆ ಕುಂಚ ಕೊಟ್ಟವರು ಯಾರು?

ನಿನಗೆ ಬೇಕಾದದ್ದು ಬೂಟು ಹಾಕಿದ ಅಕ್ಷರ. ಪುಸ್ತಕದಲ್ಲಿ ಅದನ್ನು ಸ್ಲ್ಯಾಬ್ ಸೆರಿಫ್ ಎನ್ನುತ್ತಾರೆ, ನಮ್ಮ ಕಾರ್ಖಾನೆಯಲ್ಲಿ ಬೂಟು ಎಂದೇ ಕರೆಯುತ್ತಿದ್ದೆವು. ಪ್ರತಿ ಗೆರೆಯ ತುದಿಗೂ ಇಟ್ಟಿಗೆಯಂಥ ಚೌಕದ ಪಟ್ಟಿ. ಬೇರೆ ಅಕ್ಷರಗಳಿಗೆ ತುದಿಯಲ್ಲಿ ಸಣ್ಣ ಮೊನೆ, ಕೊಂಚ ವಯ್ಯಾರ ಇರುತ್ತದೆ. ಇದಕ್ಕೆ ಆ ಸೋಗೆಲ್ಲ ಇಲ್ಲ. ಕಾಲು ಎಷ್ಟು ದಪ್ಪವೋ ಬೂಟೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಅದನ್ನು ಇನ್ನಷ್ಟು ದಪ್ಪ ಮಾಡಿ, ಮೈಯನ್ನು ಬಲಕ್ಕೆ ಬಾಗಿಸಿದರೆ ಬೋಲ್ಡ್ ಇಟ್ಯಾಲಿಕ್. ಬೆನ್ನ ಮೇಲೆ ಮೂಟೆ ಹೊತ್ತುಕೊಂಡೇ ಓಡುವವನ ಹಾಗೆ ಕಾಣುತ್ತದೆ. ಸಾಗಣೆಯವರಿಗೆ ಇದಕ್ಕಿಂತ ಬೇರೇನು ಬೇಕು?

ಈ ಅಕ್ಷರವನ್ನು ನಾನು ಎಲ್ಲೆಲ್ಲಿಗೆ ಬರೆದಿಲ್ಲ! ಕುದುರೆ ಓಟದ ಪೋಸ್ಟರು, ಕುಸ್ತಿ ಪಂದ್ಯ, ಕೆಮ್ಮಿನ ಔಷಧದ ಡಬ್ಬಿ, ಮೊಟ್ಟೆಯ ಪೆಟ್ಟಿಗೆ, ‘ಇಂದೇ ಕೊನೆಯ ದಿನ’. ಮುಷ್ಕರದ ಫಲಕಕ್ಕಂತೂ ಇದನ್ನು ಮೀರಿಸಿದ್ದು ಇಲ್ಲ. ಶ್ರದ್ಧಾಂಜಲಿಗೆ ಮಾತ್ರ ಹಾಕಬಾರದು. ಒಬ್ಬ ಗಿರಾಕಿ ನನ್ನ ಮಾತು ಕೇಳದೆ ಹಾಕಿಸಿದ. ತೀರಿಕೊಂಡವರು ಬಸ್ಸು ತಪ್ಪಿಹೋಗುತ್ತದೆಂದು ಓಡುತ್ತಿರುವ ಹಾಗೆ ಕಂಡಿತು.

ಬುಗುರಿ ಎಂದು ಅವನಿಗೆ ಹೆಸರಿಟ್ಟವಳು ನಾನೇ. ಎರಡು ನಿಮಿಷ ಒಂದು ಕಡೆ ನಿಂತವನಲ್ಲ. ನಿನ್ನೆ ಪೆನ್ಸಿಲ್ ಹಿಡಿದು ಕೂತರೆ ಮೊದಲ ಅಕ್ಷರಕ್ಕೇ ಕಣ್ಣು ತುಂಬಿ ಗೆರೆ ಕಾಣದೆ ಹೋಯಿತು. ಕನ್ನಡಕ ಒರೆಸಿಕೊಂಡು ಮತ್ತೆ ಕೂತೆ.

ಅದೇನದು ನಿನ್ನ ಇನ್ನೊಂದು ವಿಷಯ? ಯಾವುದಾದರೂ ದೊಡ್ಡ ಕಂಪನಿಯವರು ಬಂದು, ಬುಗುರಿಯನ್ನು ನಮಗೆ ಕೊಟ್ಟುಬಿಡಿ ಎಂದು ಬೆಣ್ಣೆ ಹಚ್ಚುತ್ತಿದ್ದಾರೆಯೇ? ಹಚ್ಚಿದರೆ ಉಗಿದು ಕಳಿಸು.

ಅತ್ತೆ


ಫೆಬ್ರವರಿ ೨೨

ಪ್ರೀತಿಯ ಅತ್ತೆ,

ಸುರುಳಿ ಬಂತು. ಅಬ್ಬಾ, ಎಷ್ಟು ಉದ್ದ! ಶೆಡ್ಡಿನ ನೆಲದ ಮೇಲೆ ಹರಡಿ ನಾಲ್ಕು ಮೂಲೆಗೂ ಸ್ಪ್ಯಾನರ್ ಇಟ್ಟೆವು. ಒಂದೊಂದು ಅಕ್ಷರ ನನ್ನ ಸೊಂಟದವರೆಗೆ ಬರುತ್ತದೆ. ಲೋಡಿಂಗ್‌ನವರಲ್ಲಿ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಸುತ್ತು ಬಂದರು. “ಈ ಅಕ್ಷರ ಹೊರೋಕೇ ಇಬ್ಬರು ಬೇಕು” ಎಂದರು. ಏಣಿ ಮಾತ್ರ ಬಹಳ ಹೊತ್ತು ಕೂತು ನೋಡಿ, “ಇದನ್ನ ಬರೆದೋರು ಯಾರಿಗೂ ಹೆದರಲ್ಲ ಅನ್ಸುತ್ತೆ” ಎಂದ. ನಾನು, ಹೌದು, ಬೇರೆಯವರೇ ಅವರಿಗೆ ಹೆದರುವುದು ಎಂದೆ. ಸಿಟ್ಟಾಗಬೇಡಿ.

ಪೇಂಟರ್ ನಾಳೆ ಬರುತ್ತಾನೆ. ನೀವು ಹೇಳಿದ ಹಾಗೆಯೇ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಸುಣ್ಣದ ಪುಡಿಯ ಗಂಟನ್ನು ತಟ್ಟಿ, ಚುಕ್ಕಿ ಮೂಡಿಸಿಕೊಂಡೇ ಬಣ್ಣ ಹಾಕುತ್ತಾನೆ.

ದೊಡ್ಡ ಕಂಪನಿ ಯಾವುದೂ ಇಲ್ಲ, ನಿಮ್ಮಾಣೆ. ಆ ವಿಷಯ ಈಗ ಬೇಡ. ನಿಮ್ಮ ಅಕ್ಷರ ನೋಡಿದ ಖುಷಿಯಲ್ಲಿ ಬೇರೆ ಏನನ್ನೂ ಬೆರೆಸಲು ಮನಸ್ಸಿಲ್ಲ.

ನಿಮ್ಮ ಸೊಸೆ


ಮಾರ್ಚ್ ೬

ಸೊಸೆಗೆ,

ಫೋಟೋ ಎಲ್ಲಿ? ಪೇಂಟರ್ ಬಣ್ಣ ಹಾಕುತ್ತಿದ್ದಾನೋ ಹಲ್ಲುಜ್ಜುತ್ತಿದ್ದಾನೋ? ದಿನಾ ನಾನು ಬಾಗಿಲಿಗೆ ಓಡುವುದನ್ನು ಕಂಡು ಅಂಚೆಯವಳಿಗೆ ನನ್ನ ಮೇಲೆ ಅನುಮಾನ ಬಂದಿದೆ.

ಅತ್ತೆ


ಮಾರ್ಚ್ ೧೪

ಪ್ರೀತಿಯ ಅತ್ತೆ,

ಇಗೋ ಫೋಟೋ. ಗಾಡಿಯ ಬಲಗಡೆ. ಕೆಂಪು ಅಕ್ಷರ, ಕಪ್ಪು ಅಂಚು. ಹೇಗಿದೆ ನೋಡಿ! ಗಾಡಿ ನಿಂತಲ್ಲೇ ನಿಂತಿದೆ, ಅಕ್ಷರ ಆಗಲೇ ಮುಂದಿನ ತಿರುವಿನಲ್ಲಿದೆ. ಬೀದಿ ಕೊನೆಯ ಔಷಧದಂಗಡಿಯವರು ಕನ್ನಡಕವಿಲ್ಲದೆ ಓದಿದರು. ಈ ವಾರ ಮೂರು ಮನೆಯವರು ಗಾಡಿ ನೋಡಿಯೇ ಕರೆದರು. ಹೂವು ಯಾರೂ ಕೇಳಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಒಬ್ಬಳೇ ಆ ಹೆಸರಿನ ಮೇಲೆ ಕೈಯಾಡಿಸಿದೆ. ಅವರಿದ್ದಿದ್ದರೆ ಊರೆಲ್ಲ ಸುಮ್ಮನೆ ಗಾಡಿ ಓಡಿಸಿ ಡೀಸೆಲ್ ಮುಗಿಸಿಬಿಡುತ್ತಿದ್ದರು.

ನಿಮ್ಮ ಸೊಸೆ


ಮಾರ್ಚ್ ೨೪

ಸೊಸೆಗೆ,

ಫೋಟೋವನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಅಳಿಯ ಉಪ್ಪು ಬೇಕಾದಾಗಲೆಲ್ಲ ನನ್ನ ಅಪ್ಪಣೆ ಕೇಳುತ್ತಾನೆ.

ಪೇಂಟರ್ ಪರವಾಗಿಲ್ಲ. ಎರಡನೆಯ ಅಕ್ಷರದ ಬೂಟು ಒಂದು ಎಳೆ ಮೇಲೆದ್ದಿದೆ. ಮೈ ಎಷ್ಟೇ ಬಾಗಲಿ, ಬೂಟು ನೆಲಕ್ಕೆ ಸಮನಾಗಿ ಊರಿರಬೇಕು, ಇಲ್ಲದಿದ್ದರೆ ಓಡುವವನ ಬದಲು ಜಾರಿ ಬೀಳುವವನಾಗುತ್ತಾನೆ. ಮುಂದಿನ ಸಲ ತಿದ್ದಿಸು. ಅದು ಬಿಟ್ಟರೆ, ಏನು ಹೇಳಲಿ, ಚೆನ್ನಾಗಿದೆ ಕಣೇ. ನಿವೃತ್ತಿಯಾದ ಮೇಲೆ ನನ್ನ ಕೈ ಅಕ್ಷರ ಬೀದಿಯಲ್ಲಿ ಓಡಾಡುತ್ತಿರುವುದು ಇದೇ ಮೊದಲು. ನಿನ್ನ ನಾದಿನಿಯ ಮುಂದೆ ಸ್ವಲ್ಪ ಜಂಬ ಕೊಚ್ಚಿದೆ.

ಎಡಗಡೆಯ ಫೋಟೋವನ್ನೂ ಕಳಿಸು. ಜೋಡಿಯಾಗಿ ಚೌಕಟ್ಟು ಹಾಕಿಸುತ್ತೇನೆ.

ಅತ್ತೆ


ಏಪ್ರಿಲ್ ೫

ಪ್ರೀತಿಯ ಅತ್ತೆ,

ಬೂಟು ತಿದ್ದಿಸಿದೆ. ಎಡಗಡೆಯ ಫೋಟೋ ತೆಗೆಯಲು ಆಗುತ್ತಿಲ್ಲ. ಶೆಡ್ಡಿನಲ್ಲಿ ಗಾಡಿ ಎಡಗಡೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಬೀದಿಗೆ ತಂದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಮೊನ್ನೆ ತೆಗೆದದ್ದು ಮಬ್ಬಾಗಿ ಬಂತು. ಎರಡೂ ಕಡೆ ಒಂದೇ ಅಲ್ಲವೇ ಅತ್ತೆ, ಒಂದು ನೋಡಿದರೆ ಇನ್ನೊಂದನ್ನು ನೋಡಿದ ಹಾಗೆಯೇ.

ನಿಮ್ಮ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡಿ.

ನಿಮ್ಮ ಸೊಸೆ


ಏಪ್ರಿಲ್ ೧೪

ಸೊಸೆಗೆ,

ಮೊಣಕಾಲು ಹಾಗೇ ಇದೆ. ಮಾತು ತಿರುಗಿಸಬೇಡ.

ಗೋಡೆಯಂತೆ, ಬಿಸಿಲಂತೆ, ಮಬ್ಬಂತೆ. ಒಂದು ಫೋಟೋಗೆ ಇಷ್ಟೊಂದು ನೆಪವೇ? ನಿನ್ನನ್ನು ನಾನು ಇಂದು ನಿನ್ನೆ ನೋಡಿದವಳಲ್ಲ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಬಂದಿದ್ದರೆ ಒಂದೇ ನೆಪ ಹೇಳಿ ಸುಮ್ಮನಾಗುತ್ತಿದ್ದೆ.

ಎಡಗಡೆ ಬೇರೆ ಯಾರದೋ ಹೆಸರು ಬಿದ್ದಿದೆ. ಅದೇ ತಾನೇ ನೀನು ಹೇಳಲಾಗದ ವಿಷಯ? ಈ ವರ್ಷ ಒಂದು ಪಕ್ಕ ಬುಗುರಿ, ಇನ್ನೊಂದು ಪಕ್ಕ ಆ ಕಂಪನಿ. ಬರುವ ವರ್ಷ ಎರಡೂ ಪಕ್ಕ ಅವರದೇ. ಮಾಡು, ಬೇಡ ಎನ್ನಲು ನಾನು ಯಾರು? ನಾನು ಹೆತ್ತದ್ದು ನಿಜ, ಆದರೆ ಅವನು ಹೋದ ಮೇಲೆ ಗಾಡಿಗಳನ್ನು ಉಳಿಸಿಕೊಂಡವಳು ನೀನು. ಡ್ರೈವರ್ ಬರದ ದಿನ ನೀನೇ ಸ್ಟಿಯರಿಂಗ್ ಹಿಡಿದದ್ದು ನನಗೆ ಗೊತ್ತಿಲ್ಲವೇ? ಆದರೆ ಅವನ ಹೆಸರನ್ನು ನನ್ನ ಕೈಯಲ್ಲೇ ಬರೆಸಿಕೊಂಡು, ನನಗೆ ಒಳ್ಳೆಯ ಪಕ್ಕ ಮಾತ್ರ ತೋರಿಸುತ್ತೀಯಲ್ಲ, ಅದು ನೋಯುತ್ತದೆ ಕಣೇ. ತುಂಬಾ ನೋಯುತ್ತದೆ.

ಫೋಟೋ ಕಳಿಸು. ಏನೇ ಇದ್ದರೂ ನೋಡುತ್ತೇನೆ.

ಅತ್ತೆ


ಏಪ್ರಿಲ್ ೨೦

ಅತ್ತೆ,

ನಿಮ್ಮ ಕಾಗದ ಓದಿದ ಕೂಡಲೇ ಗಾಡಿಯನ್ನು ಬೀದಿಗೆ ತರಿಸಿದೆ. ಇಗೋ ಎಡಗಡೆ. ಚೆನ್ನಾಗಿ ನೋಡಿ. ಬುಗುರಿ ಸಾಗಣೆ ಎಂದೇ ಇದೆ, ನಿಮ್ಮದೇ ಅಕ್ಷರ, ನಿಮ್ಮದೇ ಬೂಟು. ಬೇರೆ ಯಾರ ಹೆಸರೂ ಇಲ್ಲ.

ತೊಂದರೆ ಬೇರೆ. ಗಾಡಿಯ ಬಲಗಡೆ ನಿಂತು ನೋಡಿದರೆ ಅದರ ಮೂತಿ ನಮ್ಮ ಬಲಕ್ಕಿರುತ್ತದೆ, ಅಕ್ಷರವೂ ಬಲಕ್ಕೆ ಬಾಗಿದೆ, ಎರಡೂ ಒಟ್ಟಿಗೆ ಓಡುತ್ತವೆ. ಎಡಗಡೆಗೆ ಬಂದರೆ ಮೂತಿ ನಮ್ಮ ಎಡಕ್ಕೆ. ಅಕ್ಷರ ಮಾತ್ರ ಇನ್ನೂ ಬಲಕ್ಕೇ, ಅಂದರೆ ಬಾಲದ ಕಡೆಗೆ, ಬಾಗಿದೆ. ಗಾಡಿ ಮುಂದಕ್ಕೆ ಹೋಗುತ್ತದೆ, ಹೆಸರು ಹಿಂದಕ್ಕೆ ಹೋಗುತ್ತದೆ! ಪೇಂಟರ್ ಮುಗಿಸಿ ಕುಂಚ ತೊಳೆಯುವವರೆಗೂ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೊದಲ ದಿನವೇ ತರಕಾರಿ ಅಂಗಡಿಯಾಕೆ, “ಏನ್ರೀ, ಗಾಡೀನ ಯಾರೋ ಬಾಲ ಹಿಡಿದು ಎಳೀತಿರೋ ಹಾಗಿದೆ” ಎಂದರು. ಈಗ ಮಾರುಕಟ್ಟೆಯಲ್ಲಿ ಅದಕ್ಕೆ ರಿವರ್ಸ್ ಬುಗುರಿ ಎಂದೇ ಹೆಸರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದಿದ್ದವರು ಒಬ್ಬರೇ, ಏಣಿ. “ಅಮ್ಮಾವ್ರಿಗೆ ಹೇಳ್ಬೇಡಿ. ಮಗನ ಹೆಸರು ಬರೆದಿದಾರೆ, ತಪ್ಪಾಯ್ತು ಅಂತ ಗೊತ್ತಾದ್ರೆ ಸಂಕಟಪಟ್ಕೋತಾರೆ. ಇನ್ಮೇಲೆ ಈ ಗಾಡಿ ನಾನೇ ಓಡಿಸ್ತೀನಿ, ಎಡಗಡೆ ಗೋಡೆಗೆ ಒತ್ತಿ ನಿಲ್ಲಿಸ್ತೀನಿ, ಯಾರಿಗೂ ಕಾಣಲ್ಲ” ಎಂದರು. ಅಂದಿನಿಂದ ಎಲ್ಲಿಗೆ ಹೋದರೂ ಒಂದು ಗೋಡೆ ಹುಡುಕಿ, ನಾಲ್ಕು ಸಲ ಹಿಂದೆ ಮುಂದೆ ಮಾಡಿ, ಹಾಗೇ ನಿಲ್ಲಿಸುತ್ತಾರೆ.

ಆ ಇನ್ನೊಂದು ವಿಷಯ ಅವರೇ, ಅತ್ತೆ.

ಡಿಸೆಂಬರಿನಲ್ಲಿ ಒಂದು ಮನೆಯ ಮಹಡಿಯಿಂದ ಬೀರು ಇಳಿಸುತ್ತಿದ್ದೆವು. ಇಬ್ಬರು ಲೋಡಿಂಗ್‌ನವರು ರಜೆ. ಕೆಳಗೆ ಅವರು, ಮೇಲೆ ನಾನು, ನಡುವೆ ಬೀರು, ಮುಖ ಕಾಣುತ್ತಿರಲಿಲ್ಲ. ಬೀರಿನ ಆಚೆಯಿಂದ, “ಮೇಡಂ, ನಿಮಗೆ ಮನಸ್ಸಿದ್ರೆ ನಾವು ಮದುವೆ ಆಗೋಣ್ವಾ? ಈಗ್ಲೇ ಹೇಳ್ಬೇಡಿ, ಬೀರು ಬಿಟ್ಬಿಡ್ತೀನಿ” ಎಂಬ ದನಿ ಬಂತು. ಬೀರು ಹೇಗೆ ಕೆಳಗೆ ಬಂತೋ ದೇವರಿಗೇ ಗೊತ್ತು.

ನನಗೆ ಮನಸ್ಸಿದೆ. ಅದನ್ನು ಬರೆಯುವಾಗ ನಾಚಿಕೆಯೂ ಆಗುತ್ತದೆ, ಭಯವೂ ಆಗುತ್ತದೆ. ಇಂಥ ಮಾತನ್ನು ಹೆಣ್ಣುಮಕ್ಕಳು ಮೊದಲು ಅಮ್ಮನಿಗೆ ಹೇಳುತ್ತಾರಂತೆ. ನನಗೆ ಅಮ್ಮನ ಮುಖವೇ ನೆನಪಿಲ್ಲ, ಅಷ್ಟು ಚಿಕ್ಕವಳಿದ್ದಾಗ ಹೋದಳು. ಹೇಳಿಕೊಳ್ಳಲು ಇರುವವರು ನೀವೊಬ್ಬರೇ. ಆದರೆ ನಿಮ್ಮ ಮಗನ ಹೆಂಡತಿಯಾಗಿ ನಿಮ್ಮ ಮುಂದೆ ಇದನ್ನು ಯಾವ ಬಾಯಲ್ಲಿ ಹೇಳಲಿ? ನಿಮ್ಮನ್ನು ಕಳೆದುಕೊಂಡು ನನಗೆ ಯಾವ ಮದುವೆಯೂ ಬೇಡ. ಇದು ಕೋಪದಿಂದಲೋ ಹಟದಿಂದಲೋ ಬರೆದದ್ದಲ್ಲ.

ನಿಮ್ಮ ಸೊಸೆ


ಮೇ ೧೯

ಅತ್ತೆ,

ನಿಮ್ಮಿಂದ ಒಂದು ಸಾಲೂ ಇಲ್ಲ. ನಾದಿನಿಗೆ ಫೋನ್ ಮಾಡಿದೆ. “ಅಮ್ಮ ಬಾಗಿಲು ಹಾಕ್ಕೊಂಡು ಕೂತಿರ್ತಾಳೆ ಕಣೇ. ಊಟಕ್ಕೆ ಬರ್ತಾಳೆ, ಹೋಗ್ತಾಳೆ. ಏನಾಯ್ತು ಅಂದ್ರೆ ಗುರ್ ಅಂತಾಳೆ” ಎಂದಳು. ಅಷ್ಟು ಕೇಳಿ ಸಾಕಾಯಿತು.

ನೀವು ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಿಮ್ಮ ಬೈಗುಳ ನನಗೆ ಅಭ್ಯಾಸವಿದೆ, ಮೌನ ಅಭ್ಯಾಸವಿಲ್ಲ.

ಅವರಿಗೆ ನಿನ್ನೆ ಹೇಳಿದೆ, ಅತ್ತೆ ಒಪ್ಪುವವರೆಗೆ ನನ್ನಿಂದ ಉತ್ತರ ಬರುವುದಿಲ್ಲ ಎಂದು. “ಒಪ್ಪದೇ ಇದ್ರೆ?” ಎಂದರು. ಇಲ್ಲ ಎಂದೆ. “ಸರಿ ಮೇಡಂ. ಅವರಿಗೆ ಮಗ ಹೋಗಿದಾನೆ, ಸೊಸೇನೂ ಹೋಗೋದು ಬೇಡ” ಎಂದು ಬಕೆಟ್ ತೆಗೆದುಕೊಂಡು ಗಾಡಿ ತೊಳೆಯಲು ಹೋದರು. ನಾನು ಆಫೀಸಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಎಡಗಡೆಯ ಅಕ್ಷರವನ್ನು ಅಳಿಸಿಲ್ಲ, ಅಳಿಸುವುದೂ ಇಲ್ಲ. ಹಿಂದಕ್ಕೆ ಓಡಿದರೆ ಓಡಲಿ. ನೀವು ಬರೆದದ್ದು.

ನಿಮ್ಮ ಸೊಸೆ


ಜೂನ್ ೩

ಹುಡುಗಿ,

ಇದರ ಜೊತೆ ಒಂದು ಸುರುಳಿ ಬರುತ್ತದೆ. ಬಿಚ್ಚುವ ಮೊದಲು ಇದನ್ನು ಓದು.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ಬೀರಿನ ಕಥೆ ಓದಿದಾಗ ಕೆಂಡದಂಥ ಸಿಟ್ಟು ಬಂತು. ಕಾಗದ ಮಡಚಿ ಕಪಾಟಿನೊಳಗೆ ಎಸೆದು ಬಾಗಿಲು ಹಾಕಿದೆ. ಸಿಟ್ಟು ನಿನ್ನ ಮೇಲಲ್ಲ. ಅವನು ಇನ್ನು ಬರುವುದಿಲ್ಲ ಎಂದು ಮೂರು ವರ್ಷದ ಮೇಲೆ ಮತ್ತೊಮ್ಮೆ ಗೊತ್ತಾಯಿತು, ಅದರ ಸಿಟ್ಟು. ಜೊತೆಗೆ ಹೆದರಿಕೆ. ನೀನು ಇನ್ನೊಬ್ಬರ ಮನೆಯವಳಾದ ಮೇಲೆ ಈ ಮುದುಕಿಗೆ ಯಾವ ನೆಂಟಸ್ತಿಕೆಯ ಮೇಲೆ ಕಾಗದ ಬರೆಯುತ್ತೀ? ನನಗೆ ಮಗಳಿದ್ದಾಳೆ, ಅಳಿಯನಿದ್ದಾನೆ, ಒಳ್ಳೆಯವರೇ. ಆದರೆ ನನ್ನ ಬೈಗುಳಕ್ಕೆ ಎದುರು ಜೋಕು ಹೇಳುವವಳು ನೀನೊಬ್ಬಳೇ.

ಕೆಲವು ದಿನ ಹಾಗೇ ಮುಖ ಊದಿಸಿಕೊಂಡಿದ್ದೆ. ಆಮೇಲೆ ಫೋಟೋ ತೆಗೆದು ನೋಡಿದೆ. ಅಯ್ಯೋ ನನ್ನ ಕರ್ಮವೇ! ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಳಿಯ ಓಡಿ ಬಂದು ನೀರು ಕೊಟ್ಟ. ನನಗೆ ಬೇಜಾರಾಗುತ್ತದೆ ಎಂದುಕೊಂಡಿರಲ್ಲ, ಪೆದ್ದುಗಳಾ. ಹಾಳೆಯ ಮೇಲೆಯೇ ಆಯುಷ್ಯ ಕಳೆದವಳು ನಾನು, ಹಾಳೆಗೆ ಮೂತಿ ಬಾಲ ಎಲ್ಲಿದೆ? ಪೋಸ್ಟರು ಗೋಡೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಗಾಡಿಗೆ ಎರಡು ಪಕ್ಕ ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಬಾಗಿಲು ಹಾಕಿಕೊಂಡು ಕೂತದ್ದು ಅದಕ್ಕೇ. ಎಡಕ್ಕೆ ಬಾಗುವ ಬೂಟು ಅಕ್ಷರವನ್ನು ಜನ್ಮದಲ್ಲಿ ಬರೆದವಳಲ್ಲ. ಬರೆಯಲು ಹೋದರೆ ಕೈ ತಾನಾಗಿ ಬಲಕ್ಕೆ ಹೋಗುತ್ತದೆ. ಹಾಳೆ ಮಗುಚಿದರಾಯಿತು ಎಂದು ನಿನ್ನ ಪೇಂಟರ್ ಅಂದುಕೊಂಡಾನು, ಬಿಡಬೇಡ. ಮಗುಚಿದರೆ ಹೆಸರನ್ನು ಕನ್ನಡಿಯಲ್ಲೇ ಓದಬೇಕು. ಇರುವ ಅಕ್ಷರವನ್ನು ಎಡಕ್ಕೆ ತಳ್ಳಿದರೂ ಆಗುವುದಿಲ್ಲ, ದುಂಡಗಿರುವ ಕಡೆ ಒಂದು ಮಗ್ಗುಲು ಊದಿಕೊಂಡು ಇನ್ನೊಂದು ಬತ್ತಿಹೋಗುತ್ತದೆ. ಒಂದೊಂದನ್ನೂ ಹೊಸದಾಗಿ ಕಟ್ಟಬೇಕು. ಎಷ್ಟು ಹಾಳೆ ಹರಿದೆನೋ! ನಿನ್ನ ನಾದಿನಿ ಕೇಳಿದಾಗ ಗುರ್ ಎನ್ನದೆ ಹಾಡು ಹೇಳಬೇಕಿತ್ತೇ?

ಸುರುಳಿಯಲ್ಲಿರುವುದು ಎಡಗಡೆಗೆ. ಇನ್ನು ಬುಗುರಿ ಎರಡು ಕಡೆಯಿಂದಲೂ ಮುಂದಕ್ಕೇ ಓಡುತ್ತಾನೆ.

ಈಗ ಆ ಏಣಿಯ ವಿಷಯ. ಕಂಡು ಕೇಳಿ ಗೊತ್ತಿಲ್ಲದ ಒಬ್ಬ ಮುದುಕಿ ನೊಂದುಕೊಳ್ಳಬಾರದು ಎಂದು ಊರೆಲ್ಲ ಗೋಡೆ ಹುಡುಕಿಕೊಂಡು ಗಾಡಿ ನಿಲ್ಲಿಸಿದವನು. ಸೊಸೆಯೂ ಹೋಗುವುದು ಬೇಡ ಎಂದು ತಾನೇ ಹಿಂದೆ ಸರಿದವನು. ನಿನ್ನ ಮೇ ತಿಂಗಳ ಕಾಗದದಲ್ಲಿ ಆ ಸಾಲನ್ನು ಎರಡೆರಡು ಸಲ ಓದಿದೆ. ಅಂಥವನನ್ನು ಬೇಡ ಎನ್ನಲು ನನಗೇನು ತಲೆ ಕೆಟ್ಟಿದೆಯೇ? ಮದುವೆಯಾಗು. ಬುಗುರಿ ನಿನ್ನನ್ನು ಬಹಳ ಪ್ರೀತಿಸಿದ. ನೀನು ಒಬ್ಬಳೇ ಬೀರು ಹೊರುವುದನ್ನು ಅವನು ನೋಡಲಾರ. ನಾನೂ ನೋಡಲಾರೆ.

ಒಂದೇ ಷರತ್ತು. ಮದುವೆಯ ರಿಜಿಸ್ಟರಿಗೆ ಸಹಿ ಹಾಕುವ ದಿನ ನಾನು ಬರುತ್ತೇನೆ, ಹುಡುಗಿಯ ಕಡೆಯಿಂದ. ನಿನ್ನನ್ನು ಕೊಡುವವಳು ನಾನು, ನಿನ್ನ ಪಕ್ಕ ನಿಲ್ಲುವವಳೂ ನಾನೇ. ನಿನ್ನ ನಾದಿನಿಗೆ ಹೇಳಿದೆ. “ಹಾಗಾದ್ರೆ ನಾನು ಏನಾಗ್ಬೇಕು?” ಎಂದಳು. “ಅಕ್ಕ ಕಣೇ, ಇನ್ನೇನು? ಹೋಗಿ ಟಿಕೆಟ್ ಮಾಡ್ಸು” ಎಂದೆ. ಮಾಡಿಸಿ ಬಂದಿದ್ದಾಳೆ, ಕಣ್ಣು ಮೂಗು ಒರೆಸಿಕೊಳ್ಳುತ್ತಾ.

ಆ ಹುಡುಗನಿಗೆ ತಿಳಿಸು, ಅತ್ತೆ ಎಂದು ಇನ್ನು ಮೇಲೆ ನನ್ನನ್ನು ಕರೆಯಬೇಕಾದವನು ಅವನು. ನೀನು ಹಾಗೆ ಕರೆದರೆ ನಾನು ತಿರುಗಿಯೂ ನೋಡುವುದಿಲ್ಲ.

ನಿನ್ನ ಅಮ್ಮ